ಕೊಳಚೆ ತೊಟ್ಟಿಯ ಸಾಕುತಾಯಿ

ಬೆಳಕು ಹರಿಯುವ ಹೊತ್ತು. ಬಡಾವಣೆಯ ಕೊಳಚೆ ನೀರು ಶುದ್ಧಿ ಮಾಡುವ ಘಟಕದ ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತ ಯುವತಿ, ಕೋಲಿಗೆ ಕಟ್ಟಿದ ಚೊಂಬನ್ನು ತೊಟ್ಟಿಗೆ ಇಳಿಸುತ್ತಾರೆ. ಮೇಲೆ ಬಂದ ಕಂದು ನೀರನ್ನು ಗಾಜಿನ ಜಾಡಿಗೆ ಸುರಿದು ಮೂಸಿ ನೋಡುತ್ತಾರೆ. ಇವರ ಬಗ್ಗೆ ಬರೆಯಲು ಬಂದ ನಾನು ಮೂಗು ಮುಚ್ಚಿಕೊಂಡು ಹಿಂದೆ ಸರಿಯುತ್ತೇನೆ.

"ಹೆದರಬೇಡಿ ಸಾರ್, ಕಚ್ಚಲ್ಲ. ಮೊನ್ನೆವರೆಗೂ ಕೊಳೆತ ಮೊಟ್ಟೆ ವಾಸನೆ. ಇವತ್ತು ಸ್ವಲ್ಪ ಮಣ್ಣಿನ ವಾಸನೆ ಇದೆ. ಒಳ್ಳೇ ಲಕ್ಷಣ!"

ಈಕೆ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಜೀವವಿಜ್ಞಾನ ಓದಿದವರು. ಜೊತೆಗೆ ಓದಿದವರು ಔಷಧಿ ಕಾರ್ಖಾನೆ, ಬೀಜದ ಕಂಪನಿ, ಆಸ್ಪತ್ರೆಯ ಲ್ಯಾಬು ಸೇರಿದರು. "ನಾನೊಬ್ಬಳು ಮೋರಿಗೆ ಬಿದ್ದೆ," ಎಂದು ನಗುತ್ತಾರೆ. ತೊಟ್ಟಿಯೊಳಗೆ ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳಿವೆ. ನಮ್ಮ ನಿಮ್ಮ ಹೊಲಸನ್ನು ತಿಂದು ನೀರನ್ನು ತಿಳಿಯಾಗಿಸುವುದು ಅವೇ. ತಿಳಿನೀರು ಪಕ್ಕದ ಕೆರೆಗೆ ಹೋಗುತ್ತದೆ. ಆ ಜೀವಿಗಳಿಗೆ ಗಾಳಿ ಸಾಕೇ, ಮೇವು ಸಾಕೇ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿಕೊಳ್ಳುವುದು ಈಕೆಯ ಕೆಲಸ.

ಅಮ್ಮ ಆಸ್ಪತ್ರೆಯಲ್ಲಿ ನೆಲ ಒರೆಸುವವರು. ಮಗಳು ಬಿಳಿ ಕೋಟು ಹಾಕಿಕೊಂಡು ಅಲ್ಲಿಗೇ ಬರಬೇಕೆಂಬ ಆಸೆ ಇತ್ತು. ನೆಂಟರು ಕೇಳಿದರೆ "ಲ್ಯಾಬಲ್ಲಿದಾಳೆ" ಎಂದು ಮಾತು ಮುಗಿಸುತ್ತಿದ್ದರು. ಎಲ್ಲಿಯ ಲ್ಯಾಬು ಅಂತ ಬಾಯಿ ಬಿಡುತ್ತಿರಲಿಲ್ಲ.

ಕಳೆದ ವಾರ ಅಮ್ಮ ಮೊದಲ ಸಲ ಇಲ್ಲಿಗೆ ಬಂದರು. ಮಗಳು ಕಚೇರಿಗೆ ಹೋಗಿ ಬರುವುದರೊಳಗೆ ಅವರಿಗೆ ಸುಮ್ಮನೆ ಕೂರಲಾಗಲಿಲ್ಲ. ಉಗ್ರಾಣದಲ್ಲಿದ್ದ ಬ್ಲೀಚಿಂಗ್ ಪೌಡರ್ ಸುರಿದು ಇಡೀ ಕಟ್ಟೆ ಉಜ್ಜಿ, ತೊಳೆದ ನೀರನ್ನೆಲ್ಲ ತೊಟ್ಟಿಗೆ ತಳ್ಳಿಬಿಟ್ಟರು! ಕ್ರಿಮಿ ಕೊಲ್ಲುವುದು ಅಮ್ಮನ ಕೆಲಸ, ಸಾಕುವುದು ಮಗಳ ಕೆಲಸ. ಪಾಪ, ಅವರಿಗೇನು ಗೊತ್ತು?

"ಕಟ್ಟೆ ಕನ್ನಡಿ ಥರ ಹೊಳೀತಿತ್ತು ಸಾರ್. ಮಾರನೇ ದಿನ ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ ತೊಟ್ಟಿ ನೀರಲ್ಲಿ ಒಂದು ಜೀವೀನೂ ಅಲ್ಲಾಡ್ತಿಲ್ಲ. ತಲೆ ಮೇಲೆ ಕೈ ಹೊತ್ತು ಕೂತೆ."

ಕೊಳಚೆಯನ್ನು ಪಕ್ಕದ ಬದಲಿ ತೊಟ್ಟಿಗೆ ತಿರುಗಿಸಿದ್ದಾಯಿತು. ಅದು ತುಂಬುವುದರೊಳಗೆ ಇದಕ್ಕೆ ಜೀವ ಬರಬೇಕು. ಇಲ್ಲದಿದ್ದರೆ ಹೊಲಸೆಲ್ಲ ನೇರ ಕೆರೆಗೆ. ಪಕ್ಕದೂರಿನ ಘಟಕದಿಂದ ಇಂಥದೇ ಜೀವಿಗಳು ತುಂಬಿದ ಜೀವಂತ ಕೆಸರು ತರಲು ತಾಯಿ ಮಗಳು ಇಬ್ಬರೂ ಹೋದರು. ವ್ಯಾನಿನಲ್ಲಿ ಒಂದು ಕ್ಯಾನನ್ನು ಅಮ್ಮ ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡು ಬಂದರಂತೆ. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಮ್ಮಮ್ಮಂಗೆ ಕೆಸರೂ ಮುದ್ದು," ಎನ್ನುತ್ತಾ ಮಗಳು ತೊಟ್ಟಿಗೆ ಬೆಲ್ಲದ ನೀರು ಹೊಯ್ಯುತ್ತಾರೆ. ಬಂದ ಹೊಸಬರಿಗೆ ಅದೇ ಮೇವು.

ಬದಲಿ ತೊಟ್ಟಿ ಇವತ್ತು ಅಂಚಿಗೆ ಬಂದಿದೆ. ಆಸ್ಪತ್ರೆಗೆ ಹೊರಟಿದ್ದ ಅಮ್ಮ ಘಟಕದ ಪುಟ್ಟ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಾರೆ, ಒಳಗೆ ಬರಲು ಅಂಜಿಕೆ. ಜಾಡಿಯ ನೀರಿನ ಹನಿಯೊಂದನ್ನು ಇಟ್ಟುಕೊಂಡ ಮಗಳು ಸೂಕ್ಷ್ಮದರ್ಶಕದಿಂದ ತಲೆ ಎತ್ತುವುದೇ ಇಲ್ಲ.

"ಅಮ್ಮಾ, ಬಾರೇ ಇಲ್ಲಿ!"

ಅಮ್ಮ ಬಗ್ಗಿ ಕಣ್ಣಿಡುತ್ತಾರೆ. ದಾರದಂಥ ಕಾಲಿನ, ಗಂಟೆಯಾಕಾರದ ಪುಟ್ಟ ಜೀವಿಗಳು ಮುದುಡಿ, ಮತ್ತೆ ಅರಳುತ್ತಿವೆ. "ಅಯ್ಯೋ, ಬಾಯಿ ತೆಗೀತಿದಾವಲ್ಲೇ! ಹಸಿವಾಗಿದೆ ಕಣೇ, ಹಾಕೇ ಏನಾದ್ರೂ!"

ಮಗಳು ಓಡಿಹೋಗಿ ಕೊಳಚೆಯ ಗೇಟು ತಿರುಗಿಸುತ್ತಾರೆ. ನೀರು ಭೋರೆಂದು ತೊಟ್ಟಿಗೆ ಬೀಳುತ್ತದೆ. ನಿಮ್ಮ ಆಸೆ ಏನು ಎಂದು ಮಗಳನ್ನು ಕೇಳಿದರೆ, "ಇನ್ನೊಂದು ತೊಟ್ಟಿ ಕಟ್ಟಿಸಿಕೊಟ್ರೆ ಸಾಕು ಸಾರ್. ಮತ್ತೆ, ಪೌಡರ್ ಕೋಣೆಗೆ ಒಂದು ಬೀಗ," ಎನ್ನುತ್ತಾರೆ.

ಹೊರಗೆ ಅಮ್ಮ ತಂಗಿಗೆ ಫೋನು ಹಚ್ಚಿದ್ದಾರೆ. ದನಿ ಕಟ್ಟೆಯವರೆಗೂ ಕೇಳುತ್ತದೆ: "ಹೂಂ ಕಣೇ, ಲ್ಯಾಬೇ. ಮೋರಿ ನೀರಿನ ಲ್ಯಾಬು. ನಾನು ಕೊಂದಿದ್ದನ್ನ ನನ್ನ ಮಗಳು ಬದುಕಿಸಿದಾಳೆ. ನಮ್ಮಾಸ್ಪತ್ರೇಲಿ ಯಾವ ಡಾಕ್ಟ್ರು ಮಾಡಿದಾರೆ ಹೇಳು!"