ಹತ್ತಕ್ಕೆ ಹತ್ತು

ನಮ್ಮನೆಯವರು ಬಸ್ ಡ್ರೈವರ್ ಆಗಿದ್ದರು. ಮೂವತ್ತೊಂದು ವರ್ಷದ ನೌಕರಿ, ಅದರಲ್ಲಿ ಹೆಚ್ಚಿನದು ಭಟ್ಕಳ-ಕುಮಟಾ ದಾರಿಯಲ್ಲೇ ಕಳೆಯಿತು. ನಾನು ಮಾವಳ್ಳಿಯ ಶಾಲೆಯಲ್ಲಿ ಟೀಚರ್, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರು. ಮುಟ್ಟಳ್ಳಿಯ ಮನೆಯಿಂದ ಭಟ್ಕಳದ ಸ್ಟ್ಯಾಂಡಿಗೆ ಬಂದು, ಎಷ್ಟೋ ದಿನ ಅವರದೇ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದೆ. ಮದುವೆಯಾದ ಹೊಸತರಲ್ಲಿ ಒಂದು ದಿನ ಮುಂದಿನ ಸೀಟಿನಲ್ಲಿ ಕೂತು, ಸಂಜೆಗೆ ಮೀನು ತರುತ್ತೀರಾ ಎಂದು ಕೇಳಿದೆ. ತಿರುಗಿಯೂ ನೋಡದೆ ತಲೆಯ ಮೇಲಿನ ಬೋರ್ಡಿನತ್ತ ಬೆರಳು ತೋರಿಸಿದರು. ‘ಚಾಲಕರೊಂದಿಗೆ ಮಾತನಾಡಬಾರದು’ ಎಂದು ಬರೆದಿತ್ತು. ಅದಕ್ಕೆ ನಾನು ಮನೆಯಲ್ಲೂ ಎರಡು ದಿನ ಮಾತಾಡಲಿಲ್ಲ.

ಅಂಥ ಮನುಷ್ಯ. ಡಿಪೋದಲ್ಲಿ ಒಂದು ಪುಸ್ತಕ ಇರುತ್ತದೆ. ಡ್ಯೂಟಿ ಮುಗಿಸಿದ ಡ್ರೈವರು ಆ ದಿನ ಬಸ್ಸಿನಲ್ಲಿ ಕಂಡ ದೋಷವನ್ನು ಅದರಲ್ಲಿ ಬರೆದು ಸಹಿ ಹಾಕಬೇಕು. ಮನೆಗೆ ಓಡುವ ಗಡಿಬಿಡಿಯಲ್ಲಿ ಎಷ್ಟೋ ಜನ ‘ಏನೂ ಇಲ್ಲ’ ಎಂದು ಗೀಚುತ್ತಿದ್ದರಂತೆ. ಇವರದ್ದು ಹಾಗಲ್ಲ. ಬ್ರೇಕು ಕೂಗುತ್ತದೆ, ಎಡಗಡೆ ಕನ್ನಡಿ ಅಲುಗುತ್ತದೆ, ಮೂರನೇ ಗೇರು ಬಿಗಿ ಎಂದು ಅರ್ಧ ಪುಟ ಬರೆಯುತ್ತಿದ್ದರು. ಮೆಕ್ಯಾನಿಕ್‌ಗಳು ಇವರ ಅಕ್ಷರ ಕಂಡರೆ ಹಣೆ ಚಚ್ಚಿಕೊಳ್ಳುತ್ತಿದ್ದರು. ನೌಕರಿಯಿಡೀ ಒಂದೂ ಅಪಘಾತ ಆಗಲಿಲ್ಲ. ನಿವೃತ್ತಿಯ ದಿನ ಹಾಕಿದ ಹಾರಕ್ಕಿಂತ ಆ ಮಾತನ್ನು ಮೈಕಿನಲ್ಲಿ ಹೇಳಿದ್ದೇ ಅವರಿಗೆ ದೊಡ್ಡದಾಗಿತ್ತು.

ನಿವೃತ್ತಿಯಾದ ಮೂರನೇ ತಿಂಗಳಿಗೆ ಕಾರು ಬಂತು. ಹೊಸದು, ಬಿಳಿ ಬಣ್ಣದ್ದು, ಪೆಟ್ರೋಲಿನದು. ಸ್ವಂತದ್ದೆಂದು ಒಂದು ಸೈಕಲ್ಲು ಬಿಟ್ಟರೆ ಅವರು ಬೇರೇನೂ ಇಟ್ಟುಕೊಂಡವರಲ್ಲ. ಕುಮಟಾದ ಶೋರೂಮಿನಿಂದ ಹೊರಡುವಾಗ ಪಕ್ಕದ ಸೀಟು ತಟ್ಟಿ, “ಕೂತ್ಕ. ಇನ್ನು ಎಷ್ಟು ಬೇಕಾರೂ ಮಾತಾಡು, ಇಲ್ಲಿ ಬೋರ್ಡಿಲ್ಲ” ಎಂದರು. ಮನೆ ಮುಟ್ಟುವವರೆಗೂ ಮಾತಾಡಿದೆ. ನನ್ನ ಬದುಕಿನಲ್ಲಿ ಅಷ್ಟು ಸುಖವಾದ ಪ್ರಯಾಣ ಬೇರೆ ಇಲ್ಲ.

ಹದಿನೆಂಟನೇ ದಿನ ಮುರ್ಡೇಶ್ವರದ ಹತ್ತಿರ ಗಾಡಿ ಓಡುತ್ತಿದ್ದ ಹಾಗೇ ನಿಂತುಹೋಯಿತು. ಮೊದಲು ಒಂದು ಸಲ ಕೊಸರಿತು, ಆಮೇಲೆ ಎಂಜಿನ್ನಿನ ಸದ್ದೇ ಇಲ್ಲ. ಹತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗಿಯೇ ಇಲ್ಲ ಎಂಬಂತೆ ಹೊರಟಿತು. ಇವರು ಕಿವಿಗೊಟ್ಟು ಕೇಳಿ ಅಲ್ಲೇ ಹೇಳಿದರು, “ಎಂಜಿನ್ನಿಗೆ ಎಣ್ಣೆ ಸಮಾ ಬತ್ತಿಲ್ಲ.” ಪೆಟ್ರೋಲೇ ಇರಲಿ ಡೀಸೆಲ್ಲೇ ಇರಲಿ, ಅವರ ಬಾಯಲ್ಲಿ ಎಣ್ಣೆಯೇ.

ಕುಮಟಾದ ಸರ್ವಿಸ್ ಸೆಂಟರಿನಲ್ಲಿ ಗಾಡಿ ಒಪ್ಪಿಸಿಕೊಳ್ಳುವ ಕೆಲಸ ಮಾಡುತ್ತಿದ್ದವನು ಮಿರ್ಜಾನದವನು. ಮೂವತ್ತೈದು ದಾಟಿದವನು, ಎರಡು ಮಕ್ಕಳ ತಂದೆ. ಕುಮಟಾದಿಂದ ಹೊನ್ನಾವರದ ಕಾಲೇಜಿಗೆ ಹೋಗುವಾಗ ಇವರ ಬಸ್ಸಿನಲ್ಲಿ ಬಾಗಿಲಿಗೆ ಜೋತುಬಿದ್ದು ಬೈಸಿಕೊಂಡವನಂತೆ. ಇವರನ್ನು ಕಂಡದ್ದೇ “ಡ್ರೈವರ್ ಮಾಮಾ!” ಎಂದು ಕೈ ಹಿಡಿದುಕೊಂಡ. ಚಾ ತರಿಸಿದ. ಎಣ್ಣೆಯ ವಿಷಯ ಹೇಳಿದ್ದಕ್ಕೆ ನಕ್ಕು, “ಈಗಿನ ಗಾಡಿ ಮಾಮಾ, ಎಲ್ಲ ಕಂಪ್ಯೂಟರ್. ದೋಷ ಇದ್ರೆ ಅದೇ ಹೇಳ್ತದೆ” ಎಂದ. ಕಂಪ್ಯೂಟರು ಏನೂ ಹೇಳಲಿಲ್ಲ. ಅವನು ಗಾಡಿಯ ದೂರು ಬರೆಯುವ ಜಾಬ್ ಕಾರ್ಡಿನಲ್ಲಿ ‘ಸಾಮಾನ್ಯ ತಪಾಸಣೆ’ ಎಂದು ಬರೆದ. ಗಾಡಿ ಕೊಡುವಾಗ, ಕೆಲಸ ತೃಪ್ತಿಕರವಾಗಿದೆ ಎಂಬ ಚೀಟಿಗೆ ಸಹಿ ಮಾಡಿಸಿಕೊಂಡ. “ಕಂಪನಿಯಿಂದ ಫೋನ್ ಬತ್ತದೆ ಮಾಮಾ, ಎಷ್ಟು ಮಾರ್ಕ್ಸ್ ಅಂತ ಕೇಳ್ತಾರೆ. ಹತ್ತು ಹೇಳಿ. ಒಂಬತ್ತು ಅಂದ್ರೂ ನನ್ನ ಸಂಬಳಕ್ಕೆ ಕತ್ತರಿ” ಎಂದ.

ಫೋನ್ ಬಂತು. ಇವರು ಎದ್ದು ನಿಂತು, ಸರ್ಕಾರಿ ಸಾಕ್ಷಿ ಹೇಳುವವರ ಗತ್ತಿನಲ್ಲಿ, “ಹತ್ತಕ್ಕೆ ಹತ್ತು” ಎಂದರು.

ಏಳು ತಿಂಗಳೊಳಗೆ ಗಾಡಿ ಲೆಕ್ಕವಿಲ್ಲದಷ್ಟು ಸಲ ನಿಂತಿತು, ಮೊದಲಿನದೂ ಸೇರಿ ಆರು ಸಲ ಕುಮಟಾಕ್ಕೆ ಹೋಯಿತು. ಆರು ಸಲವೂ ಚಾ, ಕಂಪ್ಯೂಟರು, ಸಾಮಾನ್ಯ ತಪಾಸಣೆ, ಸಹಿ. ಆರು ಸಲವೂ ಹತ್ತಕ್ಕೆ ಹತ್ತು. ಮೂರನೇ ಸಲಕ್ಕೇ ನಾನು ಸಿಟ್ಟಾದೆ. “ಬಸ್ಸಿನ ಕನ್ನಡಿ ಅಲುಗಿದ್ರೆ ಅರ್ಧ ಪುಟ ಬರೀತಿದ್ರಿ. ಸ್ವಂತ ಗಾಡಿ ಎಂಜಿನ್ನೇ ಬಂದ್ ಆದ್ರೆ ಒಂದು ಸಾಲು ಬರೂಕಾಗೂದಿಲ್ವಾ?”

“ಅದು ಡಿಪೋ ಪುಸ್ತಕ ಮಾರಾಯ್ತಿ. ಅದ್ರಲ್ಲಿ ಬರದ್ರೆ ಯಾರ ಅನ್ನಕ್ಕೂ ಕಲ್ಲು ಬೀಳೂದಿಲ್ಲ. ಇಂವ ನಮ್ಮ ಬಸ್ಸಲ್ಲಿ ಓಡಾಡಿದಂವ. ಚಾ ಕುಡ್ದು ಎದ್ದು, ಅವನ ಮೇಲೇ ಬರೂದೆಂತಕೆ? ಅಡ್ಡಿಲ್ಲ, ಸರಿ ಮಾಡಿ ಕೊಡ್ತಾ.”

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ಜಾಗ ಇಲ್ಲ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಅವರ ಮಗನಿಗೇ ಆ ಮಾತು ತಾಗಿರಲಿಲ್ಲ. ಈಗ ಕಾರು ಕೊಳ್ಳುವ ಯಾರು ಸಿಕ್ಕಿದರೂ ನಾನು ಹೇಳುವುದು ಒಂದೇ: ನಿಮ್ಮ ದೂರನ್ನು ನಿಮ್ಮ ಮಾತಿನಲ್ಲೇ ಜಾಬ್ ಕಾರ್ಡಿನಲ್ಲಿ ಬರೆಸಿ, ಅದರ ಪ್ರತಿ ಇಟ್ಟುಕೊಳ್ಳಿ, ಸರಿಯಾಗದಿದ್ದರೆ ಸರಿಯಾಗಿದೆ ಎಂದು ಸಹಿ ಹಾಕಬೇಡಿ. ಚಾ ಬೇಕಾದರೆ ಕುಡಿಯಿರಿ.

ಏಳನೆಯ ತಿಂಗಳು, ಹೊನ್ನಾವರದ ಶರಾವತಿ ಸೇತುವೆ. ನಡುಮಧ್ಯದಲ್ಲಿ ಕಾರು ಕೊಸರಿತು, ನಿಂತಿತು. ಹಿಂದೆ ಲಾರಿಗಳು, ಅವುಗಳ ಮುಂದೆ, ನಮ್ಮ ಬೆನ್ನಿಗೇ, ಇವರ ಡಿಪೋದ ಬಸ್ಸು. ಡ್ರೈವರು ಇವರ ಕೈಕೆಳಗೆ ಕಲಿತವನು. ಹಾರ್ನ್ ಹೊಡೆದವನು ಇವರ ಮುಖ ಕಂಡು ಕೈ ತೆಗೆದ. ಕಂಡಕ್ಟರು ಇಳಿದು ಬಂದು, “ಎಂತ ಆತು ಅಣ್ಣಾ? ಬಸ್ಸು ಅಂತ ಮಾಡಿ ಓಡಿಸಿದ್ರಾ?” ಎಂದು ನಕ್ಕ. ತಮಾಷೆಗೇ ಅಂದದ್ದು. ಕಿಟಕಿಗಳಲ್ಲಿ ತಲೆಗಳು ಕಂಡವು. ಯಾರೋ “ಬಸ್ ಡ್ರೈವರಿಗೆ ಕಾರು ಬರೂದಿಲ್ಲ” ಎಂದದ್ದು ಕೇಳಿಸಿತು. ನಾಲ್ಕು ಜನ ದೂಡಿ ಕಾರನ್ನು ಸೇತುವೆ ದಾಟಿಸಿದರು. ಇವರು ಸ್ಟೇರಿಂಗ್ ಹಿಡಿದು ನೆಟ್ಟಗೆ ನೋಡುತ್ತ ಕೂತಿದ್ದರು. ಪಕ್ಕದಲ್ಲಿ ಕೂತ ನನಗೆ ಅವತ್ತು ಒಂದು ಮಾತೂ ಹೊರಡಲಿಲ್ಲ.

ಅವತ್ತೇ ಅವರು ವಕೀಲರ ಮನೆ ಹತ್ತಿದರು. ಹೊನ್ನಾವರದ ವಕೀಲರು ಸಜ್ಜನರು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆದು ಕಾರವಾರಕ್ಕೆ ಕಳಿಸಿದರು. ಗಾಡಿ ಬದಲಿಸಿ ಕೊಡಬೇಕು, ಇಲ್ಲವೇ ವಾಪಸು ತೆಗೆದುಕೊಳ್ಳಬೇಕು, ತಯಾರಿಕೆಯಲ್ಲೇ ದೋಷ ಇದೆ ಎಂದು ದೂರು. ಕೆಲವು ತಿಂಗಳ ಮೇಲೆ ಕಂಪನಿಯ ಉತ್ತರ ಬಂತು, ಇಂಗ್ಲಿಷಿನಲ್ಲಿ. ಜಗಲಿಯಲ್ಲಿ ಕೂತು ಅವರಿಗೆ ಕನ್ನಡ ಮಾಡಿ ಓದಿದೆ. ಆರು ಸಲ ತಪಾಸಣೆ ಆಗಿದೆ, ದೋಷ ಕಂಡಿಲ್ಲ. ಆರು ಸಲವೂ ಗ್ರಾಹಕರು ತೃಪ್ತಿ ಸೂಚಿಸಿ ಸಹಿ ಮಾಡಿದ್ದಾರೆ, ಹತ್ತಕ್ಕೆ ಹತ್ತು ಅಂಕ ನೀಡಿದ್ದಾರೆ. ಪ್ರತಿಗಳು ಲಗತ್ತಾಗಿವೆ. ಅದರ ಕೆಳಗೆ ಇನ್ನೊಂದು ಸಾಲಿತ್ತು. ಅದನ್ನು ಬಿಟ್ಟು ಮುಂದಕ್ಕೆ ಹೋದೆ, ಬೆರಳು ಮಾತ್ರ ಅಲ್ಲೇ ನಿಂತಿತ್ತು.

“ಬೆರಳು ಇಟ್ಟ ಕಡೆ ಎಂತ ಇದ್ದು ಓದು” ಎಂದರು. ಶಾಲೆಯಲ್ಲಿ ಮಕ್ಕಳ ಹತ್ತಿರ ನಾನು ಹೇಳುತ್ತಿದ್ದ ಮಾತು ಅದು.

ಓದಿದೆ. ಗ್ರಾಹಕರು ದೀರ್ಘ ಕಾಲ ಭಾರಿ ವಾಹನ ಓಡಿಸಿದವರಾದ್ದರಿಂದ, ಗಾಡಿ ನಿಲ್ಲುವುದಕ್ಕೆ ಅವರ ಚಾಲನೆಯ ಅಭ್ಯಾಸವೇ ಕಾರಣ.

ಸ್ವಲ್ಪ ಹೊತ್ತಿನ ಮೇಲೆ ನೋಡಿದೆ, ಇವರು ಎಡಗಾಲನ್ನು ನೆಲಕ್ಕೆ ಮೆಲ್ಲಗೆ ಒತ್ತಿ ಬಿಡುತ್ತಿದ್ದರು. ಕ್ಲಚ್ಚನ್ನು ತಾವು ಹೇಗೆ ತುಳಿಯುತ್ತೇವೆ ಎಂದು ತಾವೇ ಪರೀಕ್ಷೆ ಮಾಡುತ್ತಿದ್ದರು. ಮೂವತ್ತೊಂದು ವರ್ಷ ಆ ಕಾಲಿನ ಮೇಲೆ ಊರಿನ ಜನ ಜೀವ ಇಟ್ಟು ನಿದ್ದೆ ಮಾಡಿದ್ದರು. ಈಗ ಅವರಿಗೇ ಅದರ ಮೇಲೆ ನಂಬಿಕೆ ಹೋಗುತ್ತಿತ್ತು. ಆ ಕಾಲನ್ನು ನೋಡಿ ನನಗೆ ಅಳು ಬಂತು, ಒಳಗೆ ಹೋಗಿ ಅತ್ತುಬಿಟ್ಟೆ.

ಕಾರವಾರಕ್ಕೆ ಹೋದೆವು, ಬಂದೆವು. ತಾರೀಖು ಮುಂದಕ್ಕೆ ಹೋಯಿತು. ಪರಿಣತರಿಂದ ಪರೀಕ್ಷೆ ಮಾಡಿಸಬೇಕೆಂದು ನಮ್ಮ ವಕೀಲರು ಕೇಳಿದರು, ಅದಕ್ಕೆ ಆ ಕಡೆಯವರ ತಕರಾರು, ಮತ್ತೆ ತಾರೀಖು. ಕಾರು ಅಂಗಳದಲ್ಲಿ ತಾಡಪಾಲು ಹೊದ್ದು ಕೂತಿತ್ತು. ಅದರ ಮೇಲೆ ನಾನು ಹಪ್ಪಳ ಒಣಗಿಸುತ್ತಿದ್ದೆ, ಅಷ್ಟಾದರೂ ಉಪಯೋಗಕ್ಕೆ ಬರಲಿ ಎಂದು. ನಾವು ಬಸ್ಸಿನಲ್ಲೇ ಓಡಾಡುತ್ತಿದ್ದೆವು. ಡ್ರೈವರುಗಳು ಮುಂದೆ ಕರೆದರೂ ಇವರು ಹಿಂದಿನ ಸೀಟಿಗೆ ಹೋಗಿ ಕೂರುತ್ತಿದ್ದರು.

ಎರಡನೇ ವರ್ಷ ಕಂಪನಿಯವರು ರಾಜಿಗೆ ಬಂದರು. ಕಾರು ವಾಪಸು ತೆಗೆದುಕೊಂಡು, ಓಡಿದ್ದಕ್ಕೆ ಸ್ವಲ್ಪ ಹಿಡಿದು, ಉಳಿದದ್ದು ಕೊಡುತ್ತಾರೆ. ಆದರೆ ದೋಷ ಇತ್ತೆಂದು ಒಪ್ಪುವುದಿಲ್ಲ. ವಕೀಲರು ಹೇಳಿದರು, “ಆ ಆರು ಸಹಿ ಇಟ್ಕೊಂಡು ಇಷ್ಟು ಸಿಕ್ಕಿದ್ದೇ ದೊಡ್ಡದು. ತಗೊಳ್ಳಿ.”

“ದುಡ್ಡು ಬೇಕಾದ್ರೆ ಕಮ್ಮಿ ಕೊಡ್ಲಿ” ಎಂದರು ಇವರು. “ಓಡಿಸಿದವನ ತಪ್ಪಲ್ಲ ಅಂತ ಒಂದು ಸಾಲು ಬರ್ದು ಕೊಡ್ಲಿ.”

“ಅದೊಂದು ಸಾಲು ಮಾತ್ರ ಅವ್ರು ಬರೆಯೂದಿಲ್ಲ. ಅದು ಬೇಕು ಅಂದ್ರೆ ಕೇಸು ನಡೆಸ್ಬೇಕು.”

ನಡೆಸುತ್ತೇನೆ ಎಂದರು. ನನಗೆ ಸಾಕಾಗಿತ್ತು. ಮಂಡಿ ನೋವು, ಬಸ್ಸು, ಊರವರ ಪ್ರಶ್ನೆಗಳು, ಎಲ್ಲ ಸೇರಿ ನಾಲಗೆಗೆ ಬಂತು. ವಕೀಲರ ಎದುರಿಗೇ ಅಂದುಬಿಟ್ಟೆ: “ಆ ಮಿರ್ಜಾನದವನಿಗೆ ಕೇಳಿದಾಗೆಲ್ಲ ಸಹಿ ಹಾಕಿದ್ರಿ. ನಾನು ಕೇಳಿದ್ರೆ ಒಂದು ಸಹಿ ಹಾಕೂಕೆ ಆಗೂದಿಲ್ವಾ?”

ಇವರು ನನ್ನ ಮುಖ ನೋಡಿದರು. “ಆತು” ಎಂದು ಪೆನ್ನು ತೆಗೆದುಕೊಂಡರು. ಅವರ ಸಹಿ ಯಾವಾಗಲೂ ಕೊನೆಯಲ್ಲಿ ಒಂದು ಗೆರೆ ಎಳೆದು ಮುಗಿಯುತ್ತಿತ್ತು. ಅವತ್ತು ಗೆರೆ ಎಳೆಯಲಿಲ್ಲ.

ಅದಾದ ಮೇಲೆ ಅವರು ಯಾವ ಗಾಡಿಯನ್ನೂ ಓಡಿಸಲಿಲ್ಲ. ನೆರೆಮನೆಯವರು ಮದುವೆಗೆ ಜೀಪು ಓಡಿಸಲು ಕರೆದರೆ, “ಈಗ ಕಾಲು ಸಮಾ ಇಲ್ಲ” ಎಂದರು. ಕಾಲಿಗೆ ಏನೂ ಆಗಿರಲಿಲ್ಲ. ಒಂದೂವರೆ ವರ್ಷ ಬಿಟ್ಟು, ಒಂದು ಬೆಳಿಗ್ಗೆ ತಿಂಡಿಗೆ ಕೂತವರು ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಮಿರ್ಜಾನದವನೂ ಬಂದಿದ್ದ. ಜಗಲಿಯ ಮೂಲೆಯಲ್ಲಿ ನಿಂತು ಅತ್ತ. ಅವನ ಮೇಲೆ ಸಿಟ್ಟು ಮಾಡಲು ಹುಡುಕಿದೆ, ಸಿಗಲಿಲ್ಲ. ಇದ್ದ ಸಿಟ್ಟೆಲ್ಲ ನನ್ನ ಮೇಲೇ ಇತ್ತು.

ವರ್ಷಾಂತಿಕ ಮುಗಿದು ಸ್ವಲ್ಪ ದಿನಕ್ಕೆ ಅವರ ಹೆಸರಿಗೆ ಒಂದು ಲಕೋಟೆ ಬಂತು. ಕಾರು ಕಂಪನಿಯದು. ಮಾನ್ಯ ಗ್ರಾಹಕರೇ, ನಿಮ್ಮ ಮಾದರಿಯ ಕೆಲವು ಕಾರುಗಳ ಫ್ಯೂಯಲ್ ಪಂಪಿನಲ್ಲಿ ದೋಷವಿರುವ ಸಾಧ್ಯತೆ ಕಂಡುಬಂದಿದೆ, ಓಡುವಾಗ ಎಂಜಿನ್ ನಿಲ್ಲಬಹುದು, ಹತ್ತಿರದ ಸರ್ವಿಸ್ ಸೆಂಟರಿಗೆ ತಂದರೆ ಉಚಿತವಾಗಿ ಬದಲಿಸಿ ಕೊಡುತ್ತೇವೆ. ನಿಂತೇ ಓದಿದೆ. ಕನ್ನಡ ಮಾಡಿ ಹೇಳಲು ಜಗಲಿಯಲ್ಲಿ ಯಾರೂ ಇರಲಿಲ್ಲ.

ವಾರ ಬಿಟ್ಟು ಫೋನ್ ಬಂತು. ಬೆಂಗಳೂರಿನ ಕನ್ನಡ, ಹೆಣ್ಣಿನ ದನಿ. “ಸರ್ ಇದ್ದಾರಾ ಮೇಡಂ? ಗಾಡಿ ಇನ್ನೂ ತಂದಿಲ್ಲ ಅಂತ ತೋರಿಸ್ತಿದೆ.”

“ಅವರು ಇಲ್ಲ, ತೀರಿಕೊಂಡರು. ಗಾಡಿಯನ್ನು ನೀವೇ ತಗೊಂಡು ಹೋಗಿದ್ದೀರಿ.”

“ಸಾರಿ ಮೇಡಂ, ಸಿಸ್ಟಮ್‌ನಲ್ಲಿ ಇನ್ನೂ ಸರ್ ಹೆಸರೇ ಇದೆ” ಎಂದಳು.

“ದೋಷ ಎಂತದು ಅಂದ್ರಿ?”

“ಫ್ಯೂಯಲ್ ಪಂಪ್ ಮೇಡಂ. ಎಂಜಿನ್‌ಗೆ ಪೆಟ್ರೋಲ್ ಸರಿಯಾಗಿ ಹೋಗಲ್ಲ.”

“ಓಡಿಸುವವರು ಹೇಗೆ ಓಡಿಸಿದರೂ?”

“ಹೂಂ ಮೇಡಂ. ಓಡಿಸೋರ ತಪ್ಪು ಏನಿಲ್ಲ.”

ಇನ್ನೊಂದು ಸಲ ಹೇಳಿ ಅಂದೆ. ಪಾಪ, ಹೇಳಿದಳು. ಎರಡು ವರ್ಷ ಕಾರವಾರಕ್ಕೆ ಅಲೆದರೂ ಸಿಗದ ಸಾಲು ಅದು. ಸಹಿ ಹಾಕಿ ಅಂತ ನಾನು ಅವರ ಕೈಯಿಂದ ಕಿತ್ತುಕೊಂಡ ಸಾಲು. ಅಡಿಗೆಮನೆಯ ಬಾಗಿಲು ಹಿಡಿದು ನಿಂತೆ.

“ಮೇಡಂ, ಲೈನಲ್ಲಿ ಇದ್ದೀರಾ? ಈ ಕಾಲ್‌ಗೆ ಹತ್ತರಲ್ಲಿ ಎಷ್ಟು ಕೊಡ್ತೀರಾ?” ಎಂದಳು. ಆಮೇಲೆ ದನಿ ತಗ್ಗಿಸಿ, “ದಯವಿಟ್ಟು ಹತ್ತು ಹೇಳಿ ಮೇಡಂ, ಒಂಬತ್ತು ಬಂದ್ರೂ ನಮಗೆ ಕೇಳ್ತಾರೆ.”

ಇಷ್ಟು ವರ್ಷ ಕೂಡಿಟ್ಟ ಬೈಗುಳವೆಲ್ಲ ಬಾಯಿಗೆ ಬಂದಿತ್ತು. ಆದರೆ ಅದು ಯಾರ ಮನೆಯ ಹೆಣ್ಣೋ, ಅವಳ ಸಂಬಳದಲ್ಲಿ ಯಾರ ಅನ್ನವೋ.

“ಹತ್ತಕ್ಕೆ ಹತ್ತು” ಎಂದೆ, ಫೋನ್ ಇಟ್ಟೆ.