ಕಾಯದ ಇಸ್ತ್ರಿಪೆಟ್ಟಿಗೆ

ಬೀದಿಯವರೆಲ್ಲ ಅವನನ್ನು ಇಸ್ತ್ರಿಯಣ್ಣ ಅಂತಲೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ನಿಂತೇ ಬಟ್ಟೆ ತೀಡಿದವನು, ಕೂತಲ್ಲಿ ಕೂರುವ ಆಸಾಮಿಯಲ್ಲ. ನರ್ಸಾಗಿದ್ದ ಹೆಂಡತಿಗೆ ಹೊರದೇಶದ ಆಸ್ಪತ್ರೆಯಲ್ಲಿ ಎರಡು ವರ್ಷದ ಕೆಲಸ ಸಿಕ್ಕಾಗ, ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಅವಳ ಜೊತೆ ಹೊರಟ. ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಹೆಚ್ಚು ತೂಕ ಅವನ ಐದು ಕೆಜಿ ಇಸ್ತ್ರಿಪೆಟ್ಟಿಗೆಯದೇ.

ಹೋದ ಮರುದಿನ ಬೆಳಿಗ್ಗೆ ಹೆಂಡತಿಯ ಬಿಳಿ ಯೂನಿಫಾರಂ ಮೇಜಿನ ಮೇಲೆ ಹಾಸಿದ. ಅಲ್ಲಿಯ ಪ್ಲಗ್ಗಿಗೆ ಹೊಂದುವ ಪಿನ್ನನ್ನು ಮೊದಲೇ ಕೊಂಡಿದ್ದ. ಸ್ವಿಚ್ ಹಾಕಿ ಹತ್ತು ನಿಮಿಷ ಕಾದ, ಇನ್ನೂ ಹತ್ತು ನಿಮಿಷ ಕಾದ. ಒದ್ದೆ ಬೆರಳು ತಾಗಿಸಿದರೆ ಚುಂಯ್ ಅನ್ನಲಿಲ್ಲ. ಎಷ್ಟು ಒತ್ತಿದರೂ ಸುಕ್ಕು ಹಾಗೇ ಇತ್ತು.

"ಇಲ್ಲೇ ಹೊಸದೊಂದು ತಗೊಂಡ್ರಾಯ್ತು, ಬಿಡ್ರೀ," ಅಂದಳು ಹೆಂಡತಿ, ಅದೇ ಬಟ್ಟೆ ತೊಡುತ್ತ.

"ಹೊರಡೋವಾಗ ಚೆನ್ನಾಗಿತ್ತು ಕಣೇ. ವಿಮಾನದಲ್ಲಿ ಎತ್ತಿಹಾಕಿ ಏನೋ ಮಾಡಿದ್ದಾರೆ."

ಅವಳು ಹೋದಮೇಲೆ ಕಾಲು ಸುಟ್ಟ ಬೆಕ್ಕಿನ ಹಾಗೆ ಕಿಟಕಿಗೂ ಬಾಗಿಲಿಗೂ ಓಡಾಡಿದ. ಸುಕ್ಕು ಬಟ್ಟೆಯಲ್ಲಿ ಹೆಂಡತಿ ಮೊದಲ ದಿನದ ಕೆಲಸಕ್ಕೆ ಹೋದಳಲ್ಲ ಅನ್ನುವುದೇ ಮನಸ್ಸು ಕೊರೆಯಿತು. ಕೊನೆಗೆ ಇಸ್ತ್ರಿಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಬೀದಿಗಿಳಿದ. ಮೂರನೇ ತಿರುವಿನಲ್ಲಿ ಫ್ಯಾನು, ರೇಡಿಯೋ ರಿಪೇರಿ ಮಾಡುವ ಹೆಂಗಸೊಬ್ಬಳ ಅಂಗಡಿ ಸಿಕ್ಕಿತು. ಅವಳು ಪೆಟ್ಟಿಗೆಯ ಹಿಂದಿನ ಚೀಟಿ ಓದಿ ನಕ್ಕು, ಅವನಿಗೆ ತಿಳಿಯುವ ಹಾಗೆ ಬಿಡಿಬಿಡಿ ಇಂಗ್ಲಿಷಿನಲ್ಲಿ ಹೇಳಿದಳು.

"ಇದಕ್ಕೆ ಇನ್ನೂರ ಮೂವತ್ತು ವೋಲ್ಟ್ ಬೇಕು. ನಮ್ಮಲ್ಲಿ ಬರೋದೇ ನೂರ ಹತ್ತು. ಪಿನ್ ಬದಲಾಯಿಸಿದ್ರೆ ಕರೆಂಟು ಬದಲಾಗುತ್ತಾ? ವೋಲ್ಟ್ ಅರ್ಧ ಆದ್ರೆ ಕಾವು ಕಾಲು ಭಾಗಕ್ಕೆ ಇಳಿಯುತ್ತೆ. ಕಾಯಿಲೆ ಏನಿಲ್ಲ, ಹೊಟ್ಟೆಗೆ ಸಾಲ್ತಿಲ್ಲ ಅಷ್ಟೆ."

ಮೇಜಿನ ಕೆಳಗೆ ವೋಲ್ಟ್ ಏರಿಸುವ ದೊಡ್ಡ ಟ್ರಾನ್ಸ್‌ಫಾರ್ಮರ್ ಇತ್ತು. ಅದಕ್ಕೆ ಸಿಕ್ಕಿಸಿದ ಐದೇ ನಿಮಿಷಕ್ಕೆ ಪೆಟ್ಟಿಗೆ ಕಾದಿತು.

"ಈ ಟ್ರಾನ್ಸ್‌ಫಾರ್ಮರ್ ನಂಗೆ ಕೊಡ್ತೀರಾ?" ಅಂದ.

"ನನಗೇ ಬೇಕು. ಬಟ್ಟೆ ಇಲ್ಲಿಗೇ ತಂದು ತೀಡ್ಕೊಳ್ಳಿ."

ಮರುದಿನ ಎರಡು ಯೂನಿಫಾರಂ ತಂದ. ಕಾಲು ಗಂಟೆಯಲ್ಲಿ ಮುಗಿಯಿತು. ಕೈ ತುರಿಸಿ ಅಂಗಡಿಯ ಪರದೆಯನ್ನೂ ಬಿಚ್ಚಿ ತೀಡಿದ. ವಾರ ಕಳೆಯುವಷ್ಟರಲ್ಲಿ ಹೆಂಡತಿಯ ವಾರ್ಡಿನ ನರ್ಸುಗಳ ಬಟ್ಟೆಯೆಲ್ಲ ಅವನ ಚೀಲ ಸೇರಿತು.

"ಆರಾಮಾಗಿರಲಿ ಅಂತ ಕರ್ಕೊಂಡು ಬಂದ್ರೆ ಇಲ್ಲೂ ಇದೇನಾ?" ಅಂದಳು ಹೆಂಡತಿ.

"ನಾನು ಆರಾಮಾಗೇ ಇದ್ದೀನಿ. ಕೈ ಕೇಳಲ್ಲ."

ಭಾನುವಾರ ಅಂಗಡಿ ಮುಚ್ಚಿರುತ್ತಿತ್ತು. ಆದರೂ ಅವನು ಬೆಳಿಗ್ಗೆಯಿಂದ ಅದರ ಮುಂದೆ ಸುಳಿದಾಡುತ್ತಿದ್ದ. ಮೂರನೇ ಭಾನುವಾರ ರಿಪೇರಿಯವಳು ಮಹಡಿಯ ಮೇಲಿನ ತನ್ನ ಮನೆಯಿಂದಿಳಿದು ಬಂದು, ಅಂಗಡಿಯ ಇನ್ನೊಂದು ಬೀಗದ ಕೈ ಅವನ ಅಂಗೈಗೆ ಹಾಕಿದಳು.