ಪಕ್ಕದ ಸೈಟಿನ ಗೌಜಲ ಹಕ್ಕಿ

ಹೋದ ವರ್ಷ ಯುಗಾದಿಗೆ ಮುಂಚಿನ ಭಾನುವಾರ. ಕೆಂಗೇರಿ ಆಚೆಯ ನಮ್ಮ ಬಡಾವಣೆಯಲ್ಲಿ, ನಮ್ಮ ಮನೆ ಪಕ್ಕದ ಖಾಲಿ ಸೈಟಿನ ತುಂಬ ಸೊಂಟದೆತ್ತರ ಹುಲ್ಲು ಒಣಗಿ ನಿಂತಿತ್ತು. ಹಬ್ಬ ಬಂತೆಂದರೆ ಮನೆಗೆ ಸುಣ್ಣ ಬಳಿಯುವ ಹಾಗೆ ನಮ್ಮವರು ಇಂಥ ಸೈಟಿಗೆಲ್ಲ ಬೆಂಕಿ ಹಚ್ಚುತ್ತಾರೆ. ಕೇಳಿದರೆ, ಹಾವು ಬರುತ್ತದಂತೆ!

ಆ ಹುಲ್ಲಿನೊಳಗೆ ಒಂದು ಗೌಜಲ ಹಕ್ಕಿ ಮೊಟ್ಟೆಯಿಟ್ಟು ಕಾವಿಗೆ ಕೂತಿತ್ತು. ಕೋಳಿಗಿಂತ ಚಿಕ್ಕದು, ಮಣ್ಣಿನ ಬಣ್ಣ. ಮಹಡಿಯಲ್ಲಿ ಸಂಡಿಗೆ ಒಣಹಾಕುವಾಗ ಅದು ಒಂದೇ ಪೊದೆಗೆ ಹೋಗಿ ಬರುವುದನ್ನು ನೋಡಿದ್ದೆ. ಅದಕ್ಕೇ ಬಡಾವಣೆ ಸಂಘದ ಅಧ್ಯಕ್ಷರ ಮನೆಗೆ ಹೋಗಿ, "ಸಾರ್, ಮರಿ ಆಗೋವರ್ಗೂ ಬಿಟ್ಬಿಡಿ. ಆಮೇಲೆ ಹುಲ್ಲು ನಾನೇ ಕೊಯ್ಸಿ ಕೊಡ್ತೀನಿ" ಎಂದು ಬೇಡಿಕೊಂಡಿದ್ದೆ.

"ಆಯ್ತು ಬಿಡಿ ಮೇಡಂ, ಅದಕ್ಕೇನಂತೆ" ಅಂದಿದ್ದರು. ಕಾಫಿ ಬೇರೆ ಕೊಟ್ಟಿದ್ದರು.

ಆ ಭಾನುವಾರ ತರಕಾರಿ ತರಲು ಹೋಗಿದ್ದೆ. ವಾಪಸ್ ಬರುವಾಗ ರಸ್ತೆ ತುದಿಯಲ್ಲೇ ಹೊಗೆ ಕಂಡಿತು. ಚೀಲ ಬಿಸಾಕಿ ಓಡಿದೆ. ಅಧ್ಯಕ್ಷರು ಕೋಲು ಹಿಡಿದು ಬೆಂಕಿ ಕೆದಕುತ್ತಿದ್ದಾರೆ, ಸಂಘದ ಉಳಿದವರು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದಾರೆ! ಗಿಡಕ್ಕೆ ನೀರು ಬಿಡುವ ಪೈಪು ಎಳೆದು ತಂದು ಸುರಿದೆ. ಒಬ್ಬರೂ ಕೈ ಹಾಕಲಿಲ್ಲ. ಬೆಂಕಿ ಆರಿದ ಮೇಲೆ ಹೋಗಿ ನೋಡಿದರೆ ಹಕ್ಕಿ ಎದ್ದೇ ಇರಲಿಲ್ಲ. ಮೊಟ್ಟೆಗಳ ಮೇಲೆ ರೆಕ್ಕೆ ಹರಡಿಕೊಂಡು ಕೂತಲ್ಲೇ ಕರಕಲಾಗಿತ್ತು.

"ಹೇಳಿರ್ಲಿಲ್ವಾ ಸಾರ್ ನಿಮ್ಗೆ?" ಎಂದು ಕಿರುಚಿದೆ.

"ಅಯ್ಯೋ, ಮರ್ತೇ ಹೋಯ್ತು ಕಣ್ರೀ. ಒಂದ್ ಹಕ್ಕಿಗೆ ಇಷ್ಟೊಂದು ರಂಪ ಮಾಡ್ಬೇಕಾ? ಹಾರ್ಹೋಗಕ್ಕೆ ಏನಾಗಿತ್ತು ಅದಕ್ಕೆ?"

ಏನಾಗಿತ್ತಂತೆ! "ನಿಮ್ಮನೆಗೆ ಬೆಂಕಿ ಬಿದ್ರೆ ನಿಮ್ ಸೊಸೆ ತೊಟ್ಟಿಲಲ್ಲಿ ಮಗು ಬಿಟ್ಟು ಓಡ್ಹೋಗ್ತಾರಾ?" ಅಂದೆ. ಸಂಜೆ ಬಡಾವಣೆಯ ವಾಟ್ಸಾಪ್‌ನಲ್ಲಿ ಸುಟ್ಟ ಸೈಟಿನ ಫೋಟೋ, ಅದರ ಕೆಳಗೆ ಸಾಲು ಸಾಲು ಚಪ್ಪಾಳೆ. ನಾಚಿಕೆಯಾಗಬೇಕು. ಆ ಹಕ್ಕಿಯನ್ನು ನಾನೇ ಗುಂಡಿ ತೋಡಿ ಮುಚ್ಚಿದೆ.

ಈ ವರ್ಷವೂ ಅಧ್ಯಕ್ಷರು ಬೆಂಕಿಪೊಟ್ಟಣ ಹಿಡಿದು ಬಂದರು. ನಾನು ಪ್ಲಾಸ್ಟಿಕ್ ಕುರ್ಚಿ ತಂದು ಹುಲ್ಲಿನ ಮಧ್ಯೆ ಹಾಕಿಕೊಂಡು ಕೂತೆ.

"ಹಚ್ಚಿ ಸಾರ್. ನಾನಂತೂ ಏಳಲ್ಲ."

ಗೊಣಗಿಕೊಂಡು ಹೊರಟುಹೋದರು. ಎದುರು ಮನೆಯವರು "ಗೆದ್ಬಿಟ್ರಿ ಕಣ್ರೀ!" ಅಂದರು. ಏನು ಗೆದ್ದದ್ದು, ಮಣ್ಣು! ನಾನು ಏಳುವುದಿಲ್ಲ ಅಂದದ್ದಕ್ಕೆ ಇವರ ಕೈ ತಡೆಯಿತು. ಹೋದ ವರ್ಷ ಆ ಹಕ್ಕಿಯೂ ಏಳದೆಯೇ ಕೂತಿತ್ತಲ್ಲ.